ಹನ್ನೊಂದನೇ ನಂಬರಿನ ಟೆಂಟು

ಹನ್ನೊಂದನೇ ನಂಬರಿನ ಜಾಗದಲ್ಲಿ ಒಬ್ಬ ಮುದುಕಿ ಟೆಂಟಿನ ಗೂಟ ಕೀಳುತ್ತಿರುವುದು ಕಂಡದ್ದೇ ತಡ, ಡ್ವೇನ್ ಬ್ರೇಕ್ ಒತ್ತಿದ. ಕಾರಿನ ನೆತ್ತಿಗೆ ಕಟ್ಟಿದ್ದ ಗಂಟು ಜಾರಿ ಮುಂದಿನ ಗಾಜಿನ ಮೇಲೆ ಬಿತ್ತು. ಸರೋವರದ ದಂಡೆಯ ಆ ಸರ್ಕಾರಿ ಕ್ಯಾಂಪ್‌ಗ್ರೌಂಡಿಗೆ ಅವನು ಬೆಳಗಿನಿಂದ ಒಂಬತ್ತು ಸುತ್ತು ಹಾಕಿದ್ದ. ಜುಲೈ ನಾಲ್ಕು, ಅಮೆರಿಕದ ಸ್ವಾತಂತ್ರ್ಯ ದಿನದ ರಜೆ. ಟೆಂಟು ಹಾಕುವ ಇಪ್ಪತ್ತೆಂಟು ಜಾಗಗಳೂ ಭರ್ತಿ. ಉತ್ತರ ಮಿನ್ನೆಸೋಟದಲ್ಲಿ ಇದು ಬಿಟ್ಟರೆ ಮುಂದಿನದು ಎಂಬತ್ತು ಮೈಲಿ ಆಚೆ, ಅದೂ ಭರ್ತಿಯೇ ಇದ್ದೀತು.

"ಜನವರೀಲೇ ಬುಕ್ ಮಾಡು ಅಂದಿದ್ದೆ," ಎಂದಳು ಹೆಂಡತಿ ಟ್ರೀನಾ. ಸುತ್ತಿಗೊಂದು ಸಲದ ಲೆಕ್ಕದಲ್ಲಿ ಇದು ಒಂಬತ್ತನೆಯದು. "ಜಾಗ ಸಿಗ್ಲಿಲ್ಲ ಅಂದ್ರೆ ಸೀದಾ ಅಮ್ಮನ ಮನೆ. ಮೂರು ದಿನ."

ಡ್ವೇನ್ ಹೆದರಿದ್ದು ಅದಕ್ಕೇ. ಬುಕ್ ಮಾಡುವುದೆಲ್ಲ ಪೇಟೆಯವರ ಚಾಳಿ, ನಮಗೆ ಹೋದಲ್ಲಿ ಜಾಗ ಸಿಗುತ್ತದೆ ಎಂದು ಅತ್ತೆಯ ಎದುರೇ ಕೊಚ್ಚಿಕೊಂಡಿದ್ದ. ಈಗ ಮಡಚಿದ ಟೆಂಟು ಹೊತ್ತು ಅದೇ ಅತ್ತೆಯ ಬಾಗಿಲು ತಟ್ಟುವುದಕ್ಕಿಂತ ಸರೋವರಕ್ಕೆ ಹಾರುವುದೇ ವಾಸಿ ಎನ್ನಿಸಿತು. ಹಿಂದಿನ ಸೀಟಿನಲ್ಲಿ ಸೊಳ್ಳೆ ಕಚ್ಚಿದ ಜಾಗಗಳನ್ನು ಎಣಿಸಿಕೊಳ್ಳುತ್ತಿದ್ದ ಇಬ್ಬರು ಹೆಣ್ಣುಮಕ್ಕಳಿಗೆ ಗಲಾಟೆ ಮಾಡಬೇಡಿ ಎಂದು ಹೇಳಿ ಇಳಿದ.

ಯಾವಾಗ ಖಾಲಿ ಮಾಡುತ್ತೀರಿ ಎಂದು ಮುಖಕ್ಕೆ ಹೊಡೆದ ಹಾಗೆ ಕೇಳುವುದು ಆ ಕಡೆಯವರ ಜಾಯಮಾನವಲ್ಲ. ಡ್ವೇನ್ ಮಳೆಯ ಮಾತಾಡಿದ, ಮೀನಿನ ಮಾತಾಡಿದ, ಕೊನೆಗೆ ಟೆಂಟನ್ನು ಈಗಷ್ಟೇ ಕಂಡವನಂತೆ ನೋಡಿದ.

"ಇಳಿಸ್ತಾ ಇದ್ದೀರೇನೋ."

"ಹೂಂನಪ್ಪ. ಬಿಸಿಲು ಏರೋದ್ರೊಳಗೆ ಇಳಿಸ್ಬೇಕು. ಹಳೇ ಕಾಲದ ಕ್ಯಾನ್‌ವಾಸು, ಕಬ್ಬಿಣದ ಕಂಬ. ಒಬ್ಬಳ ಕೈಲಿ ಆಗೋ ಕೆಲಸ ಅಲ್ಲ."

"ಅದಕ್ಕೇನಂತೆ, ನಾವಿದ್ದೀವಲ್ಲ."

"ಆಗ್ಲಿ, ಬನ್ನಿ," ಎಂದಳು ಮುದುಕಿ. ಯಾರಾದರೂ ಸಹಾಯಕ್ಕೆ ಬಂದರೆ ಮೂರು ಸಲ ಬೇಡವೆಂದು ನಾಲ್ಕನೇ ಸಲಕ್ಕೆ ಒಪ್ಪುವುದು ಅಲ್ಲಿನ ಮರ್ಯಾದೆ. ಆರ್ಲಿಸ್ ಎಂಬ ಈ ಎಪ್ಪತ್ತು ದಾಟಿದ ಹೆಂಗಸು ಮೊದಲನೇ ಸಲಕ್ಕೇ ಒಪ್ಪಿದ್ದು ಡ್ವೇನ್‌ಗೆ ವಿಚಿತ್ರ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಟೆಂಟು ಇಳಿಯಿತು. ಒಳಗಿದ್ದ ಮಡಚುವ ಮಂಚ, ಹಾಸಿಗೆ, ದೀಪ, ಹೆಣಿಗೆಯ ಬುಟ್ಟಿ ಎಲ್ಲ ಪಕ್ಕದ ಮರದ ಮೇಜಿನ ಮೇಲೆ ಬಂದವು. ಅಡಿಯ ನೆಲ ಎರಡು ದಿನದ ಮಳೆಗೆ ಕೆಸರಾಗಿತ್ತು. ಅದನ್ನು ಕೆರೆದು ಒಣಮರಳು ಹಾಕಬೇಕೆಂದಳು ಆರ್ಲಿಸ್. ಹೊರಡುವವಳಿಗೆ ಮರಳೇಕೆ ಎಂದು ಕೇಳದೆ, ಮುಂದೆ ಮಲಗುವವರು ನಾವೇ ತಾನೆ ಎಂದು ಡ್ವೇನ್ ದಂಡೆಯಿಂದ ಆರು ಬಕೆಟ್ ಮರಳು ಹೊತ್ತ. ಅಷ್ಟರಲ್ಲಿ ದೋಣಿ ಹೇರಿಕೊಂಡ ಒಂದು ಪಿಕಪ್ ಅಲ್ಲೇ ನಿಧಾನಿಸಿತು. ಟ್ರೀನಾ ಮಡಚುವ ಕುರ್ಚಿಯನ್ನು ದಾರಿಯ ಅಂಚಿಗೇ ತಂದು ಹಾಕಿ, ಕಾಲ ಮೇಲೆ ಕಾಲು ಹಾಕಿ ಕೂತಳು. ಪಿಕಪ್ ಮುಂದೆ ಹೋಯಿತು. ಎದುರಿನ ಇಪ್ಪತ್ತೆರಡನೇ ನಂಬರಿನವರು ಯಾರಿಗೂ ಸುಳಿವು ಕೊಡದೆ ಹತ್ತೇ ನಿಮಿಷದಲ್ಲಿ ಗಂಟು ಕಟ್ಟಿದರು. ಅಲ್ಲಿಗೆ ಆ ಪಿಕಪ್ ಹೋಗಿ ನಿಂತಿತು.

"ನಿಲ್ಲಲಿ ಬಿಡು, ಅದು ಪಾಯಿಖಾನೆ ಪಕ್ಕ," ಎಂದು ಡ್ವೇನ್ ಗಂಡ ಹೆಂಡಿರಿಬ್ಬರ ಪರವಾಗಿಯೂ ನಕ್ಕ.

ಹನ್ನೆರಡೂವರೆಗೆ ನೆಲ ಬೆಣ್ಣೆಯ ಹಾಗೆ ಸಮನಾಗಿತ್ತು. ಆರ್ಲಿಸ್ ಎಲ್ಲರಿಗೂ ಕಾಫಿ ಕೊಟ್ಟಳು, ಮಕ್ಕಳಿಗೆ ನಿಂಬೆಯ ಬಾರ್ ಎಂಬ ಸಿಹಿತಿಂಡಿ ಕೊಟ್ಟಳು. ಆಮೇಲೆ ಕ್ಯಾನ್‌ವಾಸನ್ನು ಮುಟ್ಟಿ ನೋಡಿ, "ಚೆನ್ನಾಗಿ ಒಣಗಿದೆ. ಆ ತುದಿ ಹಿಡ್ಕೊಳಪ್ಪ, ಎತ್ತಿಬಿಡೋಣ," ಎಂದಳು.

"ಎತ್ತೋದಾ? ಕಾರಿಗಾ?"

"ಕಂಬಕ್ಕೆ. ಭಾನುವಾರದ ತನಕ ಇದ್ದೀನಲ್ಲ ನಾನು."

ಡ್ವೇನ್ ತನ್ನ ಕೈ ನೋಡಿಕೊಂಡ. ಅಂಗೈಯಲ್ಲಿ ಬೊಬ್ಬೆ, ಬೂಟಿನ ತುಂಬ ಮರಳು, ಎದುರಿಗೆ ಪಿಕಪ್‌ನವನು ಆಗಲೇ ಒಲೆ ಹಚ್ಚಿ ಸಾಸೇಜು ಸುಡುತ್ತಿದ್ದ. ನಿಜ ಹೇಳಬೇಕೆಂದರೆ ಡ್ವೇನ್‌ಗೆ ಅಳುವೇ ಬಂದಿತ್ತು.

"ಹೊರಡ್ತೀರಿ ಅಂತ ತಿಳ್ಕೊಂಡ್ವಿ," ಎಂದ.

"ಹೊರಡ್ತೀನಿ ಅಂದ್ನಾ ನಾನು? ನೆಲ ಒದ್ದೆ, ಇಳಿಸ್ಬೇಕಿತ್ತು, ಇಳಿಸ್ದೆ."

ಟ್ರೀನಾ ಕುರ್ಚಿ ಮಡಚಿ ಫೋನ್ ತೆಗೆದಳು. ತಾಯಿಯ ನಂಬರು ಹುಡುಕುವಾಗ ಅವಳ ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ. ಅವಳಿಗೂ ಸಾಕಾಗಿತ್ತು. ಡ್ವೇನ್ ಮಾತ್ರ ಹಿಡಿದ ತುದಿಯನ್ನು ಬಿಡದೆ, ಹಿಡಿದದ್ದಾಯಿತಲ್ಲ ಎಂದು ಒಂದೊಂದೇ ಕಂಬ ಎತ್ತಿ ನಿಲ್ಲಿಸಿ ಹಗ್ಗ ಬಿಗಿದ. ಬಿಗಿದು ಕಾರಿನ ಕಡೆ ತಿರುಗಿದ.

"ಎಲ್ಲಿಗೆ ಹೊರಟ್ರಿ?" ಎಂದಳು ಆರ್ಲಿಸ್. "ಒಂದು ಜಾಗಕ್ಕೆ ಎರಡು ಟೆಂಟು, ಆರು ಜನ ಅಂತ ರೂಲ್ಸಿದೆ. ನೀವು ನಾಲ್ಕು ಜನ, ನಾನೊಬ್ಬಳು. ಆ ಪೈನ್ ಮರದ ಕೆಳಗೆ ಹಾಕ್ಕೊಳ್ಳಿ, ಗಾಳಿ ಚೆನ್ನಾಗಿ ಬರುತ್ತೆ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದನ್ನ ನಾವು ಬಂದಾಗ್ಲೇ ಹೇಳಿದ್ರೆ ಆಗ್ತಿರ್ಲಿಲ್ವಾ ತಾಯಿ?" ಎಂದ ಡ್ವೇನ್.

ಆರ್ಲಿಸ್ ಹಾಸಿಗೆ ಕೊಡವುತ್ತ ಅಂದಳು: "ನೀವು ಕೇಳಿದ್ರೆ ಹೇಳ್ತಿದ್ದೆ. ದಿನಾ ಯಾರಾದ್ರೂ ಬಂದು ಹೀಗೇ ನಿಂತ್ಕೋತಾರೆ. ನಾನು ಯಾವಾಗ ಹೋಗ್ತೀನಿ ಅಂತ ಎಲ್ಲರೂ ಕಾಯ್ತಾರಪ್ಪ, ನಿಮ್ಮ ಜೊತೆಗಿರ್ಲಾ ಅಂತ ಒಬ್ಬರೂ ಕೇಳಲ್ಲ."