ಸೊಟ್ಟಗೆ ಕೂಡಿದ ಎಡಗೈ

ಏಳುನೂರು ವರ್ಷ ಹಳೆಯ ಸ್ಮಶಾನದ ಉತ್ಖನನದ ಗುಂಡಿಯಲ್ಲಿ ಮಣ್ಣು ಸರಿಸುತ್ತಿದ್ದ ಅವಳ ಕುಂಚ ಥಟ್ಟನೆ ನಿಂತಿತು. ಎಡಗೈ, ಮೊಣಕೈಯಿಂದ ಕೆಳಗೆ. ಯಾವಾಗಲೋ ಮುರಿದು, ಯಾರೂ ನೆಟ್ಟಗೆ ಕಟ್ಟದೆ, ಬಿಲ್ಲಿನಂತೆ ಸೊಟ್ಟಗೆ ಕೂಡಿಕೊಂಡ ಮೂಳೆ.

ಇಂಥ ಕೈಯೊಂದನ್ನು ಅವಳು ಬಲ್ಲಳು. ಚಿಕ್ಕವಳಿದ್ದಾಗ ಅದನ್ನೇ ಹಿಡಿದುಕೊಂಡು ಶಾಲೆಗೆ ಹೋಗುತ್ತಿದ್ದಳು.

"ಏನಂತಾನೆ ನಿನ್ನ ಗಿರಾಕಿ?" ಗುಂಡಿಯ ಅಂಚಿನಿಂದ ಪ್ರೊಫೆಸರು ಬಗ್ಗಿ ನೋಡಿದರು.

"ಗಂಡಸು, ಸರ್."

"ಅದಕ್ಕೇ ಬಾಯಿ ಬಿಡ್ತಿಲ್ಲ." ತಮ್ಮ ಹಾಸ್ಯಕ್ಕೆ ತಾವೇ ನಕ್ಕು, ಕನ್ನಡಕ ಸರಿಮಾಡಿಕೊಂಡರು. ಆಮೇಲೆ ನಗಲಿಲ್ಲ. "ಇವನು ಬೇರೆ ಥರ ಇದಾನಲ್ಲ! ಉಳಿದವರೆಲ್ಲ ಸಾಲಾಗಿ, ಅಚ್ಚುಕಟ್ಟಾಗಿ ಮಲಗಿದಾರೆ. ಇವನು ನೋಡು, ಅಡ್ಡಾದಿಡ್ಡಿ. ಆಳವೂ ಇಲ್ಲ. ಯಾರೋ ಅವಸರದಲ್ಲಿ ಹೂತುಬಿಟ್ಟಿದಾರೆ. ಶನಿವಾರದೊಳಗೆ ಎತ್ತಿ ಕೊಡು, ನಾನೇ ಕೂತು ನೋಡ್ತೀನಿ."

ಪ್ರೊಫೆಸರು ಕೂತು ನೋಡಿದರೆ ಯಾವ ಗುಟ್ಟೂ ಉಳಿಯುವುದಿಲ್ಲ. ಏಳುನೂರು ವರ್ಷದ ಮೂಳೆಗೂ ನಿನ್ನೆ ಮೊನ್ನೆಯ ಮೂಳೆಗೂ ಇರುವ ವ್ಯತ್ಯಾಸ ಅವರಿಗೆ ಅಂಗೈ ನೆಲ್ಲಿಕಾಯಿ.

ಸ್ಮಶಾನದ ಮುರುಕು ಗೋಡೆಯಾಚೆ ಒಂದು ಓಣಿ. ಓಣಿಯಾಚೆ ಅವಳ ಮನೆ. ಅಪ್ಪ ಬಂದರಿನಲ್ಲಿ ಕೆಲಸ ಹುಡುಕಿಕೊಂಡು ಹೋದವನು ಮರಳಲಿಲ್ಲ ಎಂಬುದು ಅಮ್ಮ ಹೇಳಿದ ಕಥೆ. "ಹೋದವರು ಹೋದರು" ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದಳು. ಅಪ್ಪನ ಚಪ್ಪಲಿ ಮಾತ್ರ ಬಾಗಿಲ ಹಿಂದೆಯೇ ಇತ್ತು. ಅಪ್ಪ ಕುಡಿದಾಗ ಆ ಸೊಟ್ಟ ಕೈ ಅಮ್ಮನ ಮೇಲೆ ಎಷ್ಟು ನೆಟ್ಟಗೆ ಬೀಳುತ್ತಿತ್ತೆಂಬುದೂ ಮಗಳಿಗೆ ನೆನಪಿತ್ತು. ಹಾಗಾಗಿ ಚಪ್ಪಲಿಯ ಬಗ್ಗೆ ಅವಳು ಯಾವತ್ತೂ ಕೇಳಲಿಲ್ಲ.

ಅವಳಿಗೆ ಇರುವವಳು ಅಮ್ಮ ಒಬ್ಬಳೇ.

ಮನೆಗೆ ಬಂದಾಗ ಅಮ್ಮ ಕೆಲಸದ ಮೇಜಿನ ಮುಂದೆ ಕೂತಿದ್ದಳು. ವೈದ್ಯಕೀಯ ಕಾಲೇಜುಗಳಿಗೆ ಅಸ್ಥಿಪಂಜರ ಜೋಡಿಸಿಕೊಡುವುದು ಅವಳ ಕಸುಬು. ಮೂಳೆ ತೊಳೆದು, ತೂತು ಕೊರೆದು, ತಂತಿ ಪೋಣಿಸಿ ನಿಲ್ಲಿಸುತ್ತಿದ್ದಳು. ಜೋಡಿಸಿದ್ದೆಲ್ಲ ಕಾಲೇಜಿಗೆ ಹೋಗುತ್ತಿತ್ತು, ಮೂಲೆಯಲ್ಲಿ ನಿಂತ ಮೇಷ್ಟ್ರನ್ನು ಬಿಟ್ಟು. ಎಡಗೈ ಮೊಣಕೈಗೇ ಮುಗಿದಿದ್ದರಿಂದ ಅವರು ಮಾರಾಟವಾಗದ ಸರಕು. ಮಗಳು ಮೂಳೆಗಳ ಹೆಸರು ಕಲಿತದ್ದು ಅವರ ಮೈಮೇಲೆಯೇ. ಹಾಗಾಗಿ ಆ ಹೆಸರು.

"ಇವತ್ತು ಯಾರು ಸಿಕ್ಕಿದ್ರು?" ಅಮ್ಮ ತಲೆ ಎತ್ತದೆ ಕೇಳಿದಳು.

"ಯಾರೋ ಒಬ್ಬ."

"ಯಾವ ಕಾಲದವನು ಅಂತ ಮೂಳೆ ನೋಡೇ ಹೇಳಿಬಿಡ್ತೀರಾ ನೀವು?"

"ಪ್ರೊಫೆಸರು ಹೇಳ್ತಾರೆ."

ಅಮ್ಮನ ಕೈಯಲ್ಲಿದ್ದ ತಂತಿ ಒಂದು ಗಳಿಗೆ ತಡೆಯಿತು. "ಸತ್ತವರನ್ನ ಅವರ ಪಾಡಿಗೆ ಬಿಡಬಾರದಾ?" ಎಂದು ಎದ್ದು, ಬಟ್ಟೆ ತಂದು ಮೇಷ್ಟ್ರ ಭುಜ ಒರೆಸಿದಳು. "ಇವನನ್ನ ನೋಡು, ಬೈದರೂ ತುಟಿ ಪಿಟಕ್ ಅನ್ನಲ್ಲ. ಇಂಥ ಗಂಡಸು ಸಿಗಬೇಕಂದ್ರೆ ಪುಣ್ಯ ಮಾಡಿರಬೇಕು."

ಮಗಳಿಗೆ ನಗು ಬರಲಿಲ್ಲ.

ಮರುದಿನ ಅವಳು ಗೋರಿಯವನ ಹಲ್ಲೊಂದನ್ನು ಕಿಸೆಗೆ ಹಾಕಿಕೊಂಡು ಪ್ರಯೋಗಾಲಯದ ಅಕ್ಕನ ಹತ್ತಿರ ಹೋದಳು. ಎರಡು ವರ್ಷ ಸೀನಿಯರ್, ಬಾಯಿ ಜೋರು, ಗುಟ್ಟು ಭದ್ರ.

"ಇದಕ್ಕೂ ನನಗೂ ರಕ್ತಸಂಬಂಧ ಇದೆಯಾ ನೋಡಿ ಹೇಳಕ್ಕ. ಯಾಕೆ ಅಂತ ಕೇಳಬೇಡ."

"ರಾಜಮನೆತನಕ್ಕೆ ಸೇರಿಕೊಳ್ಳೋ ಆಸೆಯಾ?" ಅಕ್ಕ ಅವಳ ಎಂಜಲು ತೆಗೆದುಕೊಂಡಳು. "ಇಷ್ಟೇ ಸಾಲದು. ಇನ್ನೊಂದು ಹಲ್ಲು ತಾ. ನಿನಗೆ ಯಾವ ಸಂಬಂಧವೂ ಇಲ್ಲ ಅಂತ ಗ್ಯಾರಂಟಿ ಇರೋರದ್ದು. ಎರಡನ್ನೂ ಒಟ್ಟಿಗೆ ಹಾಕ್ತೀನಿ. ಅದಕ್ಕೂ ಸಂಬಂಧ ಇದೆ ಅಂತ ಬಂದ್ರೆ ಪರೀಕ್ಷೆನೇ ಕೆಟ್ಟಿದೆ ಅಂತ ಲೆಕ್ಕ."

ಅಂಥವರು ಮನೆಯಲ್ಲೇ ಇದ್ದರು. ಅಮ್ಮ ಸ್ನಾನಕ್ಕೆ ಹೋದಾಗ ಅವಳು ಮೇಷ್ಟ್ರ ದವಡೆಯಿಂದ ಒಂದು ಹಿಂಬದಿಯ ಹಲ್ಲು ಕಿತ್ತುಕೊಂಡಳು.

ಸಂಜೆ ಅಮ್ಮ ನೆಲದ ಮೇಲೆ ಮಂಡಿಯೂರಿ, ಮೇಜಿನಡಿ ಟಾರ್ಚು ಬಿಟ್ಟು ಹುಡುಕುತ್ತಿದ್ದಳು.

"ಇವನ ಹಲ್ಲೊಂದು ಕಾಣಿಸ್ತಿಲ್ಲ."

"ಉದುರಿರುತ್ತೆ ಬಿಡಮ್ಮ. ವಯಸ್ಸಾಯ್ತು."

"ನಾನು ಕೂರಿಸಿದ ಹಲ್ಲು ಉದುರಲ್ಲ," ಎಂದಳು ಅಮ್ಮ. ಹುಡುಕುವುದನ್ನು ನಿಲ್ಲಿಸಲಿಲ್ಲ. ಕಸುಬಿನ ಬಗ್ಗೆ ಇಷ್ಟೊಂದು ಅಭಿಮಾನ ಇರುವವಳು ಜೈಲಿನಲ್ಲಿ ಹೇಗೆ ದಿನ ಕಳೆದಾಳು ಎಂದು ಮಗಳು ಯೋಚಿಸಿದಳು.

ಶುಕ್ರವಾರದ ಹೊತ್ತಿಗೆ ಅವಳು ತೀರ್ಮಾನಿಸಿದ್ದಳು. ಅಕ್ಕ ಹೌದು ಎಂದರೆ ಆ ಸೊಟ್ಟ ಕೈ ಗುಂಡಿಯ ಮಣ್ಣಿನ ಜೊತೆ ಎಲ್ಲಿಗಾದರೂ ಹೋಗಲಿ. ಪದವಿ ಹೋದರೆ ಹೋಗಲಿ. ಅಮ್ಮನನ್ನು ಬಿಟ್ಟುಕೊಡುವುದಿಲ್ಲ.

ಶನಿವಾರ ಬೆಳಿಗ್ಗೆ ಫೋನು ಬಂತು. ಅಮ್ಮ ಒಳಗೆ ಮೇಷ್ಟ್ರ ಬಾಯಿಗೆ ಹೊಸ ಹಲ್ಲು ಕೂರಿಸುತ್ತಿದ್ದಳು.

"ನಿನ್ನ ಗೋರಿಯವನು ಅಪ್ಪಟ ಹಳಬ," ಎಂದಳು ಅಕ್ಕ. "ಡಿಎನ್‌ಎ ಅಷ್ಟು ಸವೆದಿದೆ, ಏಳುನೂರು ವರ್ಷಕ್ಕೆ ಮೋಸ ಇಲ್ಲ. ನಿನಗೆ ಅವನು ಏನೂ ಆಗಬೇಕಿಲ್ಲ."

ಅವಳು ಗೋಡೆಗೆ ಒರಗಿದಳು. ಕಣ್ಣು ಒದ್ದೆಯಾಯಿತು. ಇಷ್ಟು ದಿನ ಅಮ್ಮನನ್ನು ಕೊಲೆಗಾತಿ ಮಾಡಿಬಿಟ್ಟಿದ್ದೆನಲ್ಲ! ಈಗಲೇ ಒಳಗೆ ಹೋಗಿ ಅವಳ ಕಾಲು ಹಿಡಿಯಬೇಕೆನಿಸಿತು.

"ಇರು, ಫೋನ್ ಇಡಬೇಡ," ಅಕ್ಕನ ದನಿ ತಗ್ಗಿತು. "ಇನ್ನೊಂದು ಹಲ್ಲು ಇತ್ತಲ್ಲ, ಯಾವ ಸಂಬಂಧವೂ ಇಲ್ಲ ಅಂತ ನೀನು ಕೊಟ್ಟಿದ್ದು? ಪರೀಕ್ಷೆನೇ ಕೆಟ್ಟಿರಬೇಕು ಅಂತ ಮೂರು ಸಲ ಮಾಡಿ ನೋಡಿದೆ ಕಣೇ. ಮೂರು ಸಲವೂ ಅದೇ ಬಂತು."

"ಏನು ಬಂತು?"

"ಅದು ನಿಮ್ಮಪ್ಪನ ಹಲ್ಲು."