ಗರಿಯ ಮೂರನೇ ಆವೃತ್ತಿ

‘ಸತ್ತು ಹೋಗಿದ್ದರೆ ಅದನ್ನಾದರೂ ತಿಳಿಸಿ’ ಎಂದು ರತೀಶ್ ಇ-ಮೇಲಿನ ಕೊನೆಯ ಸಾಲನ್ನು ಕುಟ್ಟಿದ. ಇನ್ನೇನು ಕಳಿಸಬೇಕು, ಅಷ್ಟರಲ್ಲಿ ಹಿಂದೆ ನಿಂತಿದ್ದ ಸರಸ ಟೀಚರ್ ಅವನ ಕೈ ಹಿಡಿದುಬಿಟ್ಟರು.

“ಆ ಮಾತ್ ತೆಗಿನಿ.”

“ಎಂತಕ್ಕೆ ಟೀಚರೇ? ವರ್ಷಗಟ್ಲೆ ಆಯ್ತ್, ಈಗ ಬತ್ತ್, ಆಗ ಬತ್ತ್ ಅಂದೇಳಿ. ಬಯ್ಯದೆ ಇನ್ನೆಂತ ಮಾಡುದ್?”

“ಬೇಕಾರೆ ಬೈನಿ. ಆ ಒಂದ್ ಮಾತ್ ಬ್ಯಾಡ.”

ಅದು ೨೦೦೫. ಕುಂದಾಪುರದ ಶಾಸ್ತ್ರಿ ಸರ್ಕಲ್‌ನಿಂದ ಸ್ವಲ್ಪ ಒಳಗೆ ರತೀಶನ ಸೈಬರ್ ಕೆಫೆ. ಮುಂದೆ ಗಿರಾಕಿಗಳು, ಹಿಂದಿನ ಕೋಣೆಯಲ್ಲಿ ಅವನ ಸ್ವಂತ ಕೆಲಸ. ಅಂಗಡಿಯವರಿಗೆ ಕನ್ನಡದಲ್ಲಿ ಬಿಲ್ ಮುದ್ರಿಸುವ ಪ್ರೋಗ್ರಾಂ ಬರೆದುಕೊಡುತ್ತಿದ್ದ. ಬರೆಯುವುದೆಲ್ಲ ‘ಗರಿ’ಯಲ್ಲಿ. ಪ್ರೋಗ್ರಾಂ ಬರೆಯಲೆಂದೇ ಯಾರೋ ಮಾಡಿ ಅಂತರ್ಜಾಲದಲ್ಲಿ ಪುಕ್ಕಟೆ ಕೊಟ್ಟಿದ್ದ ಎಡಿಟರ್ ಅದು. ಅವನ ಹತ್ತಿರವಿದ್ದ ಬೇರೆ ಎಡಿಟರ್‌ಗಳಲ್ಲಿ ಕನ್ನಡ ಹಾಕಿದರೆ ಬರೀ ಚೌಕಗಳು. ಗರಿಯಲ್ಲಿ ಮಾತ್ರ ಅಕ್ಷರ. ಮಾಡಿದವನ ಹೆಸರು ಪುಟದಲ್ಲಿ ಎಲ್ಲೂ ಇರಲಿಲ್ಲ. ‘ಗರಿಯವ’ ಎಂದಷ್ಟೇ ಬರೆದುಕೊಂಡಿದ್ದ.

ತಕರಾರು ಒಂದೇ. ಕಡತ ಉಳಿಸುವಾಗ ಗರಿ ಒಮ್ಮೊಮ್ಮೆ ಒತ್ತಕ್ಷರಗಳನ್ನು ನುಂಗಿಬಿಡುತ್ತಿತ್ತು. ಮೂರನೇ ಆವೃತ್ತಿಯಲ್ಲಿ ಸರಿಯಾಗುತ್ತದೆ, ಸದ್ಯದಲ್ಲೇ ಬರುತ್ತದೆ ಎಂದು ಗರಿಯವ ಬರೆದಿದ್ದ. ಆಮೇಲೆ ಅವನ ಸುದ್ದಿಯೇ ಇಲ್ಲ.

ಬ್ರಹ್ಮಾವರದ ದಿನಸಿ ವ್ಯಾಪಾರಿ ಚೆನ್ನಯ್ಯನವರ ಫೋನು ಮಾತ್ರ ತಪ್ಪದೆ ಬರುತ್ತಿತ್ತು.

“ಹ್ವಾಯ್ ರತೀಶ, ಬಿಲ್ಲಲ್ಲಿ ಅಕ್ಕಿ ಇಪ್ಪಲ್ಲಿ ಅಕಿ ಅಂದ್ ಇತ್ತ್, ಬೆಲ್ಲ ಇಪ್ಪಲ್ಲಿ ಬೆಲ. ಗಿರಾಕಿಗಳ್ ನೆಗಾಡ್ತ್ರ್ ಮರಾಯ. ಚೌತಿ ಒಳಗೆ ಸರಿ ಮಾಡ್ತ್ಯಾ, ಇಲ್ಲ ಬೇರೆಯವ್ರಿಗೆ ಹೇಳ್ಕಾ?”

ರತೀಶ್ ಬಿದ್ದುಹೋದ ಒತ್ತುಗಳನ್ನು ಕೈಯಿಂದ ಒಂದೊಂದಾಗಿ ತುಂಬುತ್ತಿದ್ದ. ಉಳಿಸಿದರೆ ಮತ್ತೆ ಮಾಯ. ಕೀಬೋರ್ಡ್ ಎತ್ತಿ ಬಿಸಾಡುವಷ್ಟು ಸಿಟ್ಟು.

ಈ ಸಂಕಟದಲ್ಲಿ ಅವನಿಗಿದ್ದ ಒಬ್ಬರೇ ಜೊತೆ ಸರಸ ಟೀಚರ್. ಶನಿವಾರ ಶಾಲೆ ಬಿಟ್ಟ ಕೂಡಲೇ ಶಿರೂರಿನಿಂದ ಬಸ್ ಹತ್ತಿ ಬರುತ್ತಿದ್ದರು. “ಗರಿಯ ಹೊಸದ್ ಬಂದಿತ್ತಾ?” ಎಂದು ಮೊದಲ ಸಲ ಕೇಳಿದಾಗ ರತೀಶನಿಗೆ ಆಶ್ಚರ್ಯವಾಗಿತ್ತು. ಗರಿ ಬಳಸುವವರು ಈ ಕಡೆ ಇನ್ನೊಬ್ಬರಿದ್ದಾರೆ! ಕಂಪ್ಯೂಟರ್ ಟೀಚರ್ ಇರಬೇಕು ಎಂದುಕೊಂಡ.

ಅವರು ಕೂರುತ್ತಲೇ ಇರಲಿಲ್ಲ. ಅವನೇ ಗರಿಯ ಪುಟ ತೆರೆಯಬೇಕು, ಅವರು ನಿಂತೇ ನೋಡುವರು. “ಬೇರೆ ಎಂತಾರೂ ಬರ್ದಿದ್ನಾ ಅವ?” ಎಂದು ಕೇಳುವರು. ಇಲ್ಲವೆಂದರೆ ಸೀದಾ ಬಸ್ಸಿಗೆ. ಒಮ್ಮೆ ರತೀಶ್ ಬೇಸತ್ತು, ಗರಿಯನ್ನೇ ಬಿಟ್ಟುಬಿಡುತ್ತೇನೆ ಎಂದಾಗ ಅವರ ಮುಖ ಬಾಡಿತ್ತು. “ಎಲ್ಲರೂ ಬಿಟ್ರೆ ಅವ ಯಾರಿಗೆ ಅಂದೇಳಿ ಮಾಡುದ್? ಸ್ವಲ್ಪ ತಡಿನಿ.” ಇವರ ಅಭಿಮಾನದ ಮುಂದೆ ತನ್ನದೇನೂ ಅಲ್ಲ ಎನಿಸಿತ್ತು ಅವನಿಗೆ.

ಈಗಲೂ ಅವರ ಮಾತಿಗೆ ಸೋತು ಆ ಕೊನೆಯ ಸಾಲನ್ನು ಅಳಿಸಿದ.

“ಆರೋಗ್ಯ ಹ್ಯಾಂಗಿತ್ತ್ ಅಂದೇಳಿ ಒಂದ್ ಮಾತ್ ಕೇಣಿ,” ಎಂದರು ಟೀಚರ್.

“ಆರೋಗ್ಯವಾ? ಅವ ಎಂತ ನಮ್ ನೆಂಟನಾ?”

ಟೀಚರ್ ನಗಲಿಲ್ಲ. ರತೀಶ್ ಗೊಣಗುತ್ತಲೇ ಅದನ್ನೂ ಸೇರಿಸಿದ.

“ನಿಮ್ ಹೆಸ್ರೂ ಹಾಕ್ಲಾ? ಇಬ್ರ್ ಕೇಂಡಂಗೆ ಆತ್ತ್.”

“ಬ್ಯಾಡ. ನನ್ ಹೆಸ್ರ್ ಕಂಡ್ರೆ ಅವ ಉತ್ರ ಕೊಡುದಿಲ್ಲ.”

ಹಿಂದೆ ಯಾವಾಗಲೋ ಗರಿಯವನಿಗೆ ಸರಿಯಾಗಿಯೇ ಬೈದಿರಬೇಕು ಎಂದುಕೊಂಡು ರತೀಶ್ ಮೇಲ್ ಕಳಿಸಿದ.

ಉತ್ತರ ಬರಲಿಲ್ಲ. ಚೌತಿ ಬಂತು, ಹೋಯಿತು. ಚೆನ್ನಯ್ಯನವರು ಕೆಲಸವನ್ನು ಮಂಗಳೂರಿನವರಿಗೆ ಒಪ್ಪಿಸಿದರು. “ಬೇಜಾರ್ ಮಾಡ್ಕಣಬ್ಯಾಡ. ಎಷ್ಟ್ ದಿನ ಅಂದ್ ಕಾಯುದ್?” ಎಂದು ಅವರು ಸಮಾಧಾನವಾಗಿ ಹೇಳಿದ್ದೇ ರತೀಶನಿಗೆ ಹೆಚ್ಚು ಚುಚ್ಚಿತು. ಒಂದು ಮಳೆಗಾಲದ ದುಡಿಮೆ ನೀರಿನಲ್ಲಿ ಹೋಗಿತ್ತು. ಅದೂ ಯಾರೋ ಒಬ್ಬನ ಸೋಮಾರಿತನದಿಂದ.

ಗರಿಯನ್ನು ಕಂಪ್ಯೂಟರಿನಿಂದ ಕಿತ್ತೇಬಿಡುವುದೆಂದು ಕುಳಿತವನು, ಕೊನೆಯದಾಗಿ ಒಮ್ಮೆ ಅದರ ಪುಟ ತೆರೆದ.

ಮೂರನೇ ಆವೃತ್ತಿ ಬಂದಿತ್ತು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪುಟದಲ್ಲಿದ್ದುದನ್ನು ಪೂರ್ತಿ ಓದುವ ತಾಳ್ಮೆಯೂ ಇಲ್ಲದೆ ಇಳಿಸಿಕೊಂಡು, ಅಕ್ಕಿ, ಬೆಲ್ಲ, ಉಪ್ಪು ಎಂದು ಬರೆದು ಉಳಿಸಿದ. ಒಂದು ಒತ್ತೂ ಬಿದ್ದುಹೋಗಲಿಲ್ಲ. ಶಾಲೆಗೆ ಫೋನ್ ಮಾಡಿ ಟೀಚರನ್ನು ಫೋನಿಗೆ ಕರೆಸಿದ.

“ಟೀಚರೇ, ಬಂತ್!”

ಆ ಕಡೆಯಿಂದ “ಬತ್ತೆ,” ಎಂದಷ್ಟೇ ಕೇಳಿಸಿತು.

ಅರ್ಧ ದಿನ ರಜೆ ಹಾಕಿ ಬಂದವರು ಏದುಸಿರು ಬಿಡುತ್ತಿದ್ದರು. ರತೀಶ್ ಎದ್ದು ತನ್ನ ಕುರ್ಚಿಯನ್ನೇ ಕೊಟ್ಟು, ಕೀಬೋರ್ಡನ್ನು ಅವರತ್ತ ಸರಿಸಿದ.

“ನನ್ ಕೆಲ್ಸ ಅಂತೂ ಹೋಯ್ತ್. ನಿಮ್ಗಾರೂ ಉಪಯೋಗ ಆಯ್ಲಿ. ಎಂತಾರೂ ಬರ್ದ್ ಕಾಣಿ.”

“ನಂಗೆ ಇದೆಲ್ಲ ಬತ್ತಿಲ್ಲೆ ರತೀಶ್. ನಾನ್ ಹಿಂದಿ ಟೀಚರ್.”

ರತೀಶ್ ಬೆಪ್ಪಾಗಿ ನಿಂತ. ಟೀಚರ್ ಅವನ ಕಡೆ ನೋಡಲಿಲ್ಲ. ಗರಿಯವ ಹೊಸ ಆವೃತ್ತಿಯ ಜೊತೆ ಬರೆದಿದ್ದ ಮಾತುಗಳನ್ನು ತುಟಿ ಅಲುಗಿಸುತ್ತ ಓದುತ್ತಿದ್ದರು: ‘ಬಹಳ ಕಾಲ ಕಾಯಿಲೆ ಬಿದ್ದಿದ್ದೆ. ಈಗ ಗುಣವಾಗಿದೆ. ಕಾದವರೆಲ್ಲ ಕ್ಷಮಿಸಬೇಕು.’ ಓದಿ ಮುಗಿಸಿ, ಮತ್ತೆ ಮೊದಲಿನಿಂದ ಓದಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

“ಅವಂಗೆ ಒಂದ್ ಮೇಲ್ ಬರಿನಿ. ಈ ಸರ್ತಿ ನನ್ ಹೆಸ್ರ್ ಹಾಕಿಯೇ.”

“ಎಂತ ಅಂದ್ ಬರಿಲಿ?”

“‘ತಮ್ಮಾ, ನಾನ್ ಸರಸಕ್ಕ. ನೀನ್ ಮನಿಲಿಪ್ಪತಿಗೇ ಶುರು ಮಾಡಿದ್ ಈ ಗರಿ ಅಂದ್ ನಂಗ್ ಗೊತ್ತಿತ್ತ್. ನೀನ್ ಜೀವಂತ ಇಪ್ಪುದ್ ಇವತ್ತ್ ಗೊತ್ತಾಯ್ತ್. ಅಪ್ಪಯ್ಯನ ಸಿಟ್ಟೆಲ್ಲ ಇಳ್ದಿತ್ತ್, ಮನಿಗ್ ಬಾ.’”