ಗಡುವಿನ ದಿನ

ಯುವಜನರ ಗ್ರಂಥಾಲಯದಲ್ಲಿ ಪಾಡ್‌ಕಾಸ್ಟ್ ಶುರುವಾಗುತ್ತದೆ ಎಂದು ಕೇಳಿದ ದಿನವೇ ಮೌನೇಶಪ್ಪ ಅಲ್ಲಿಗೆ ಓಡಿಬಂದ. ಮಗಳು ಭುವನಾ ಮನೆ ಬಿಟ್ಟು ಎರಡು ವರ್ಷವಾಗಿತ್ತು. ಅವನು ಹುಡುಕದ ಊರು ಉಳಿದಿರಲಿಲ್ಲ.

"ಇದು ಹುಡುಗರು ಮಾತಾಡೂ ಕಾರ್ಯಕ್ರಮ ಕಾಕಾ," ಎಂದಳು ಗ್ರಂಥಪಾಲಕಿ.

"ಕೇಳವ್ರೂ ಹುಡುಗರೇ ಅಲ್ಲೇನವಾ? ಅವರಾಗ ನನ್ನ ಮಗಳೂ ಇರಬಹುದು. ಎರಡು ನಿಮಿಷ ಕೊಡು ಯವ್ವಾ, ನಿನ್ನ ಕಾಲಿಗೆ ಬೀಳ್ತೀನಿ."

ಆಕೆ ಮೈಕನ್ನು ಅವನತ್ತ ಸರಿಸಿದಳು.

"ಭುವನಾ, ನಿನ್ನ ಕೇಳದ ಮದುವಿ ಗೊತ್ತು ಮಾಡಿದ್ದು ತಪ್ಪಾತು. ಆದ್ರ ಹೋಗೂ ಮುಂದ ಒಂದು ಸಾಲು ಬರದಿಡಬಾರದಿತ್ತೇನವ್ವಾ?" ಅಷ್ಟು ಹೇಳಿ ಅವನು ಮೈಕನ್ನು ಹಿಂದಕ್ಕೆ ಸರಿಸಿದ.

ಮೂರನೆಯ ದಿನ ಗ್ರಂಥಪಾಲಕಿ ಅವನನ್ನು ಕರೆಸಿದಳು. "ನಿಮ್ಮ ಮಗಳು ಫೋನ್ ಮಾಡಿದ್ಲು. 'ಬರದಿಟ್ಟಿದ್ದೆ, ಅಪ್ಪ ಓದೂ ಪುಸ್ತಕದಾಗ' ಅಂದು ಫೋನ್ ಇಟ್ಟುಬಿಟ್ಲು."

ಮೌನೇಶಪ್ಪ ಕಪಾಟುಗಳತ್ತ ಧಾವಿಸಿದ. ಮಗಳ ಗ್ರಂಥಾಲಯ ಕಾರ್ಡಿನಲ್ಲಿ ಅವನು ಇಲ್ಲಿಂದ ಪುಸ್ತಕ ಒಯ್ಯುತ್ತಿದ್ದ. ಗಡುವು ಮೀರುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಅವಳು ಹೋದ ದಿನವೇ ಗಡುವು ಇದ್ದುದರಿಂದ, ಬೆಳಿಗ್ಗೆಯೇ, ಅರ್ಧ ಓದಿದ್ದ ನಕ್ಷತ್ರಗಳ ಪುಸ್ತಕವನ್ನು ತೆರೆಯದೆಯೇ ಇಲ್ಲಿ ತಂದುಕೊಟ್ಟಿದ್ದ.

ಪುಸ್ತಕ ಕಪಾಟಿನಲ್ಲೇ ಇತ್ತು. ಅವನ ನಂತರ ಯಾರೂ ಅದನ್ನು ಒಯ್ದಿರಲಿಲ್ಲ. ಅವನು ಗುರುತಿಟ್ಟಿದ್ದ ಪುಟದಲ್ಲೇ ಮಡಿಸಿದ ಚೀಟಿ ಸಿಕ್ಕಿತು.

"ಅಪ್ಪಾ, ಮದುವಿ ಬ್ಯಾಡ ಅಂತ ನೀ ಒಬ್ಬ ಅಂದ್ರ ಸಾಕು. ಇವತ್ತು ಸಂಜಿ ಆರರ ತನಕ ಬಸ್ ನಿಲ್ದಾಣದಾಗ ಕುಂತಿರ್ತೀನಿ, ಬಂದು ಕರಕೊಂಡು ಹೋಗು."